‘ದುರ್ಬಲ’ ಗುಣ ಯಾಕೆ ಅಳಿದು ಹೋಗುವುದಿಲ್ಲ? ಹತ್ತನೇ ತರಗತಿಯ ಹುಡುಗಿಗೆ ಏನು ಹೇಳಲಿ?

ಗಜನಿ ಅಕ್ಕೋರು, ಕುಮಟಾ ತಾಲೂಕು

ಎಲ್ಲರಿಗೂ ನಮಸ್ಕಾರ. ಅಘನಾಶಿನಿ ದಡದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಹತ್ತನೇ ತರಗತಿಯಲ್ಲಿ 26 ಮಕ್ಕಳು. ಅರ್ಧಕ್ಕರ್ಧ ಮನೆಗಳದ್ದು ಗಜನಿ, ಅಂದರೆ ಉಪ್ಪುನೀರು ನುಗ್ಗುವ ಹೊಳೆದಂಡೆಯ ಗದ್ದೆ, ಉಳಿದವರದ್ದು ಬಳಚು (ಹೊಳೆಯ ಚಿಪ್ಪುಜೀವಿ) ಹೆಕ್ಕುವ ಕೆಲಸ ಅಥವಾ ದೋಣಿ. ಕೇಳಬೇಕಾದದ್ದು ಒಂದೇ ಪ್ರಶ್ನೆ. ಆದರೆ ಅದು ಹುಟ್ಟಿದ್ದು ಹೇಗೆ ಎಂದು ಹೇಳದಿದ್ದರೆ ನಿಮಗೆ ಉತ್ತರ ಕೊಡುವುದು ಕಷ್ಟ. ಸ್ವಲ್ಪ ಉದ್ದವಾದೀತು, ತಾಳ್ಮೆಯಿಂದ ಓದಿ.

ಅನುವಂಶೀಯತೆಯ ಪಾಠವನ್ನು ನಾನು ಈಗ ಮಕ್ಕಳ ಮನೆಯಿಂದ ಶುರು ಮಾಡುವುದಿಲ್ಲ. ಕೆಲವು ವರ್ಷಗಳ ಹಿಂದೆ ಮಾಡಿದ್ದೆ. ‘ಅಪ್ಪ, ಅಮ್ಮ, ಅಣ್ಣ, ತಂಗಿ, ಯಾರಿಗೆ ನಾಲಗೆ ಕೊಳವೆಯ ಹಾಗೆ ಮಡಚಲು ಬರುತ್ತದೆ, ಯಾರ ಕಿವಿಯ ಹಾಲೆ ಅಂಟಿಕೊಂಡಿದೆ, ಪಟ್ಟಿ ಮಾಡಿ ತನ್ನಿ’ ಎಂದು ಮನೆಗೆಲಸ ಕೊಟ್ಟೆ. ಒಬ್ಬ ಹುಡುಗನಿಗೆ ನಾಲಗೆ ಮಡಚಲು ಬರುತ್ತಿತ್ತು, ಅವನ ಅಪ್ಪ ಅಮ್ಮ ಇಬ್ಬರಿಗೂ ಬರುತ್ತಿರಲಿಲ್ಲ. ಮಡಚುವುದು ಪ್ರಬಲ ಗುಣ, ಅಂದರೆ ಅಪ್ಪ ಅಮ್ಮನಲ್ಲಿ ಒಬ್ಬರಿಗಾದರೂ ಇದ್ದರೆ ಮಾತ್ರ ಮಕ್ಕಳಿಗೆ ಬರುವಂಥದ್ದು ಎಂದು ನಾನೇ ಬೋರ್ಡಿನ ಮೇಲೆ ಬರೆದಿದ್ದೆ. ಹಾಗಾದರೆ ಇವನಿಗೆ ಎಲ್ಲಿಂದ ಬಂತು ಎಂದು ಹಿಂದಿನ ಬೆಂಚಿನವನೊಬ್ಬ ಕೇಳಿದ. ಕೇಳಿದವನಿಗೆ ಅದರ ಅರ್ಥ ಗೊತ್ತಿರಲಿಲ್ಲ, ಆದರೆ ಮಾತು ಸಂಜೆಯೊಳಗೆ ಕೇರಿಗೆ ಹೋಯಿತು. ಆ ಹುಡುಗನ ತಾಯಿ ಮರುದಿನ ಬಂದು ಶಾಲೆಯ ಜಗಲಿಯಲ್ಲಿ ಕುಳಿತು ಅತ್ತದ್ದು ಇವತ್ತಿಗೂ ನನ್ನ ಕಣ್ಣ ಮುಂದಿದೆ. ತಪ್ಪು ನನ್ನದೇ. ನಾಲಗೆ ಮಡಚುವುದು ಅಷ್ಟು ಸರಳವಾಗಿ ಒಂದು ಜೋಡಿ ವಂಶವಾಹಿಯಿಂದ ಬರುವ ಗುಣವೇ ಅಲ್ಲ. ರೂಪದಲ್ಲಿ ಅಚ್ಚೊತ್ತಿದ ಹಾಗಿರುವ ಅವಳಿಗಳಲ್ಲೂ ಒಬ್ಬರು ಮಡಚುತ್ತಾರೆ, ಇನ್ನೊಬ್ಬರಿಗೆ ಆಗುವುದಿಲ್ಲ ಎಂಬುದು 1952ರಲ್ಲೇ ಕಂಡುಬಂದಿತ್ತು. ಅದನ್ನು ಓದಿಕೊಂಡಮೇಲೆ ಆ ಮನೆಗೆ ಹೋಗಿ ತಾಯಿ-ಮಗ ಇಬ್ಬರಿಗೂ ವಿವರಿಸಿ ಬಂದೆ. ಹೇಳಿದ್ದು ಸರಿಯೇ, ಆದರೆ ತಡವಾಗಿತ್ತು.

ಅಂದಿನಿಂದ ನನ್ನ ಪಾಠದಲ್ಲಿ ಯಾರ ಮನೆಯೂ ಇಲ್ಲ. ಅದರ ಬದಲು ಗುಮ್ಮ ಇದೆ.

ಗಜನಿಗುಮ್ಮ ಎಂದು ಹೆಸರಿಟ್ಟವರು ಮಕ್ಕಳೇ. ಗಜನಿಯ ಜಿಗುಟು ಮಣ್ಣಿನ ಮುಷ್ಟಿಗಾತ್ರದ ಮೈ, ತೆಂಗಿನ ಹಿಡಿಕಡ್ಡಿಯ ಕೋಡು, ನಾರಿನ ಹುರಿಯ ಬಾಲ, ಬೆನ್ನ ಮೇಲೆ ಬಳಚಿನ ಚಿಪ್ಪು. ಇಂಗ್ಲಿಷ್ ಪುಸ್ತಕದಲ್ಲಾದರೆ ಪ್ರಬಲಕ್ಕೆ ದೊಡ್ಡಕ್ಷರ, ದುರ್ಬಲಕ್ಕೆ ಸಣ್ಣಕ್ಷರ. ಕನ್ನಡದಲ್ಲಿ ಆ ಭೇದವೇ ಇಲ್ಲವಲ್ಲ! ಬಹಳ ಯೋಚಿಸಿ ದೀರ್ಘ-ಹ್ರಸ್ವ ಹಿಡಿದೆ. ಕೋಡು ಬರಿಸುವ ಚೀಟಿಗೆ ‘ಕೋ’, ಬರಿಸದ ಚೀಟಿಗೆ ‘ಕೊ’. ಸುರುಳಿ ಬಾಲಕ್ಕೆ ‘ಬಾ’, ನೆಟ್ಟನೆ ಬಾಲಕ್ಕೆ ‘ಬ’. ಚೀಟಿ ಅಂದರೆ ವಂಶವಾಹಿ. ಪ್ರತಿ ಗುಮ್ಮನಿಗೂ ಒಂದೊಂದು ಗುಣಕ್ಕೆ ಎರಡೆರಡು ಚೀಟಿ, ಅಪ್ಪ ಅಮ್ಮನಿಂದ ಒಂದೊಂದು. ದೀರ್ಘ ಒಂದಿದ್ದರೂ ಸಾಕು, ಅದೇ ಕೇಳಿಸುತ್ತದೆ. ಕೋಕೋ, ಕೋಕೊ ಎರಡಕ್ಕೂ ಕೋಡು. ಕೊಕೊ ಮಾತ್ರ ಬೋಳು ತಲೆ. ಚಿಪ್ಪಿಗೆ ಬೇರೆ ಕಟ್ಟಳೆ: ಚೀಚೀ ಆದರೆ ಎರಡು ಚಿಪ್ಪು, ಚೀಚಿ ಆದರೆ ಒಂದು, ಚಿಚಿ ಆದರೆ ಬರೀ ಬೆನ್ನು. ಸಂಜೆಮಲ್ಲಿಗೆಯಲ್ಲಿ ಕೆಂಪು-ಬಿಳಿ ಕೂಡಿ ಗುಲಾಬಿ ಬರುತ್ತದಲ್ಲ, ಅದೇ ಥರ.

ಶುದ್ಧ ತಳಿ ಅಂದರೇನು ಎಂದು ಹೇಳಿಕೊಡಲು ನನಗೆ ಕಷ್ಟವೇ ಆಗಲಿಲ್ಲ. ಗಜನಿಯ ಕಗ್ಗ ಬತ್ತ ಬಿತ್ತಿದರೆ ಕಗ್ಗವೇ ಬರುತ್ತದೆ ಎಂದು ಇವರಿಗೆ ನಡೆಯಲು ಕಲಿಯುವ ಮೊದಲೇ ಗೊತ್ತು. ಬತ್ತದ ಹೂವು ತನ್ನ ಪರಾಗವನ್ನು ತಾನೇ ತೆಗೆದುಕೊಳ್ಳುತ್ತದೆ, ಬಟಾಣಿಯೂ ಹಾಗೆಯೇ, ಅದಕ್ಕೇ ಅನುವಂಶೀಯತೆಯ ನಿಯಮ ಕಂಡುಹಿಡಿದ ಮೆಂಡಲ್ ಅದನ್ನು ಆರಿಸಿಕೊಂಡದ್ದು ಎಂದೆ. ತಲೆಯಾಡಿಸಿದರು.

ಶುದ್ಧ ಕೋಡಿನ ಗುಮ್ಮ, ಶುದ್ಧ ಬೋಳು ಗುಮ್ಮ ಕೂಡಿಸಿದೆವು. ಮೊದಲ ತಲೆಮಾರು 26 ಗುಮ್ಮ, ಎಲ್ಲಕ್ಕೂ ಕೋಡು, ಎಲ್ಲವೂ ಕೋಕೊ. ‘ಬೋಳು ಸತ್ತೇ ಹೋಯ್ತು ಅಕ್ಕೋರೆ’ ಎಂದರು. ಹದಿಮೂರು ಜೋಡಿ ಮಾಡಿ, ಚೀಟಿ ಕವುಚಿ ಹಾಕಿ, ಒಂದೊಂದು ಕಡೆಯಿಂದ ಒಂದೊಂದು ಎತ್ತಿ, ಜೋಡಿಗೆ ನಾಲ್ಕು ಮರಿ. ಮೊದಲ ಕೊಕೊ ಬಂದಾಗ ಕ್ಲಾಸಿನಲ್ಲಿ ಎದ್ದ ಕೂಗಿಗೆ ಪಕ್ಕದ ತರಗತಿಯ ಮಾಸ್ತರು ಬಾಗಿಲಿಗೆ ಬಂದರು. 52 ಮರಿಗಳಲ್ಲಿ 38ಕ್ಕೆ ಕೋಡು, 14 ಬೋಳು. ಮೂರು ಕೋಡಿಗೆ ಒಂದು ಬೋಳು ಎಂಬ ಪುಸ್ತಕದ ಲೆಕ್ಕಕ್ಕೆ ಹತ್ತಿರವೇ. ನಾಲ್ಕು ಜೋಡಿಗೆ ಒಂದೂ ಬೋಳು ಬರಲಿಲ್ಲ, ಒಂದು ಜೋಡಿಗೆ ನಾಲ್ಕರಲ್ಲಿ ಮೂರು ಬೋಳು. ಆ ಐದು ಗುಂಪಿನವರು ‘ಮೂರಕ್ಕೆ ಒಂದು ಅನ್ನೋದು ಸುಳ್ಳು’ ಎಂದು ಇನ್ನೂ ಮುನಿಸಿಕೊಂಡಿದ್ದಾರೆ.

ಈಗ ಪ್ರಶ್ನೆ. ಎರಡನೇ ಬೆಂಚಿನ ಹುಡುಗಿಯೊಬ್ಬಳು, ಹೆಚ್ಚು ಮಾತಾಡುವವಳಲ್ಲ, ಗಂಟೆ ಹೊಡೆದ ಮೇಲೆ ಮೇಜಿನ ಹತ್ತಿರ ಬಂದಳು. ‘ಅಕ್ಕೋರೆ, ಕೋಡಿನ ಗುಣ ಪ್ರಬಲ, ಬೋಳು ದುರ್ಬಲ ಅಂತ ಪುಸ್ತಕದಲ್ಲಿದೆ. ಪ್ರಬಲ ಗೆಲ್ತಾ ಹೋದ್ರೆ ಹತ್ತಿಪ್ಪತ್ತು ತಲೆಮಾರಿನಲ್ಲಿ ಬೋಳು ಗುಮ್ಮ ಒಂದೂ ಉಳಿಬಾರದಲ್ಲ? ಉಳಿತದಾ?’

ಉಳಿಯುತ್ತದೆ ಎಂದೆ. ಯಾಕೆ ಎಂದಳು. ಸರಿಯಾಗಿ ಹೇಳಲು ಬರಲಿಲ್ಲ. ನಾಳೆ ಹೇಳುತ್ತೇನೆ ಎಂದು ಕಳಿಸಿ ನಾಲ್ಕು ದಿನವಾಯಿತು. ಅವಳು ಕೇಳುವುದಿಲ್ಲ, ಕಾಯುತ್ತಿದ್ದಾಳೆ. ಸೂತ್ರ ಬರೆದು ತೋರಿಸುವುದಲ್ಲ, ಅವಳ ಕೈಯಿಂದಲೇ ಮಾಡಿಸಿ ತೋರಿಸುವ ದಾರಿ ಇದ್ದರೆ ಹೇಳಿ.

ಇನ್ನೊಂದು ಸಣ್ಣ ವಿಷಯ. ಗಜನಿ ಮಣ್ಣು ಒಣಗಿದ ಮೇಲೆ ಬಿರುಕು ಬಿಡುತ್ತದೆ, ಕೋಡು ಉದುರುತ್ತದೆ. ಅದಕ್ಕೂ ಏನಾದರೂ ಉಪಾಯ ಬೇಕು.

---

ನಿವೃತ್ತ ಗಣಿತ ಮಾಸ್ತರ, ಕಾರವಾರ

ಅಕ್ಕೋರೆ, ನಿಮ್ಮ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ ನೂರು ವರ್ಷಕ್ಕೂ ಹಿಂದೆ ದೊಡ್ಡ ದೊಡ್ಡವರನ್ನು ತಡವರಿಸಿದ ಪ್ರಶ್ನೆ. ಇದನ್ನು ಅವಳಿಗೆ ಮೊದಲು ಹೇಳಿ, ಖುಷಿಪಟ್ಟಾಳು.

ಗಿಡ್ಡ ಬೆರಳಿನ ಗುಣ ಪ್ರಬಲವಾದರೆ ಕಾಲ ಕಳೆದ ಹಾಗೆ ಮೂವರು ಗಿಡ್ಡ ಬೆರಳಿನವರಿಗೆ ಒಬ್ಬ ಉಳಿದವನು ಎಂಬ ಲೆಕ್ಕದಲ್ಲಿ ಜನರಲ್ಲಿ ಅವರೇ ತುಂಬಬೇಕಲ್ಲ ಎಂಬ ಮಾತು ಇಂಗ್ಲೆಂಡಿನಲ್ಲಿ ಎದ್ದಿತ್ತು. ಜೀವವಿಜ್ಞಾನಿ ಪನೆಟ್ ಅದನ್ನು ಕೇಂಬ್ರಿಜಿನ ಗಣಿತಜ್ಞ ಜಿ. ಎಚ್. ಹಾರ್ಡಿಯವರ ಮುಂದಿಟ್ಟರು. ಮರಿಗೆ ಯಾವ ಜೋಡಿ ಚೀಟಿ ಬರಬಹುದೆಂದು ನಾವು ಮನೆ ಹಾಕಿ ತುಂಬುವ ಚೌಕ ಇದೆಯಲ್ಲ, ಅದು ಇದೇ ಪನೆಟ್ ಅವರದ್ದು. ಇಬ್ಬರೂ ಒಟ್ಟಿಗೆ ಕ್ರಿಕೆಟ್ ಆಡುವ ಗೆಳೆಯರು. ಹಾರ್ಡಿ ಅಂದರೆ 1913ರಲ್ಲಿ ಮದ್ರಾಸಿನಿಂದ ರಾಮಾನುಜನ್ನರ ಕಾಗದ ಪಡೆದ ಅದೇ ಹಾರ್ಡಿ. ಅವರು 1908ರಲ್ಲಿ ‘ಸೈನ್ಸ್’ ಪತ್ರಿಕೆಗೆ ಒಂದು ಚಿಕ್ಕ ಪತ್ರ ಬರೆದು ಉತ್ತರ ಕೊಟ್ಟರು. ಅದೇ ವರ್ಷ ಜರ್ಮನಿಯ ವೈದ್ಯ ವೈನ್‌ಬರ್ಗ್ ಸಹ ತಮ್ಮಷ್ಟಕ್ಕೆ ಅದನ್ನೇ ಕಂಡುಕೊಂಡಿದ್ದರು. ಲೆಕ್ಕ ಎಷ್ಟು ಸುಲಭ ಎಂದರೆ ಕೂಡಿಸಿ ಕಳೆಯಲು ಬಂದರೆ ಸಾಕು.

ಕೋಡು ಎಣಿಸಬೇಡಿ, ಚೀಟಿ ಎಣಿಸಿ.

ನೂರು ಗುಮ್ಮ ಇವೆ ಎನ್ನೋಣ: 25 ಕೋಕೋ, 50 ಕೋಕೊ, 25 ಕೊಕೊ. ಒಟ್ಟು ಚೀಟಿ 200. ‘ಕೋ’ ಎಷ್ಟು? 25ರ ಎರಡರಷ್ಟು 50, ಮಧ್ಯದವರಿಂದ 50, ಅಲ್ಲಿಗೆ 100. ‘ಕೊ’ ಕೂಡ ಅಷ್ಟೇ. ತಲೆ ನೋಡಿದರೆ 75ಕ್ಕೆ 25, ಚೀಟಿ ನೋಡಿದರೆ ಸಮಸಮ. ಈಗ ಆ 200 ಚೀಟಿಯನ್ನೂ ಒಂದು ಮಡಕೆಗೆ ಸುರಿದು ಕಲಸಿ, ಎರಡೆರಡಾಗಿ ತೆಗೆದು, ಬರೆದುಕೊಂಡು, ಮತ್ತೆ ಮಡಕೆಗೇ ಹಾಕುತ್ತಾ ಹೋಗಿ. ‘ಕೋ’ ಬರುವುದು ಎರಡಕ್ಕೊಂದು ಸಲ, ಎರಡೂ ‘ಕೋ’ ಆಗುವುದು ನಾಲ್ಕಕ್ಕೊಂದು ಸಲ. ಮತ್ತೆ ಅದೇ 25, 50, 25. ‘ಕೋ’ ಚೀಟಿ ‘ಕೊ’ ಚೀಟಿಯನ್ನು ಮುಚ್ಚುತ್ತದೆ ನಿಜ, ಆದರೆ ಹರಿದು ಹಾಕುವುದಿಲ್ಲ! ಮುಚ್ಚಿದ ಚೀಟಿ ಮುಂದಿನ ಮಡಕೆಗೆ ಹಾಗೇ ಬರುತ್ತದೆ.

ಸಮಸಮ ಇದ್ದದ್ದಕ್ಕೆ ಹೀಗಾಯಿತು ಎಂದು ಯಾರಾದರೂ ಅಂದಾರು. ಹತ್ತರಲ್ಲಿ ಏಳು ‘ಕೋ’, ಮೂರು ‘ಕೊ’ ಇಟ್ಟು ನೋಡಿ. ನೂರರಲ್ಲಿ 49 ಕೋಕೋ, 42 ಕೋಕೊ, 9 ಕೊಕೊ. ಚೀಟಿ ಎಣಿಸಿ: 98ಕ್ಕೆ 42 ಕೂಡಿ 140 ‘ಕೋ’, 18ಕ್ಕೆ 42 ಕೂಡಿ 60 ‘ಕೊ’. ಮತ್ತೆ ಏಳಕ್ಕೆ ಮೂರು. ಅಲುಗುವುದಿಲ್ಲ.

ಇನ್ನು ಮುನಿಸಿಕೊಂಡ ಐದು ಗುಂಪು. ಅವರ ಮುನಿಸು ನ್ಯಾಯವಾದದ್ದೇ. ಮೆಂಡಲ್ ಸುಮ್ಮನೆ ಮೂರಕ್ಕೊಂದು ಎಂದವರಲ್ಲ, 7324 ಬಟಾಣಿ ಬೀಜ ಎಣಿಸಿದವರು: 5474 ದುಂಡು, 1850 ಸುಕ್ಕು. ಆದರೆ ಒಂದೊಂದೇ ಗಿಡ ಹಿಡಿದಾಗ ಒಂದರಲ್ಲಿ 43 ದುಂಡಿಗೆ ಬರೇ 2 ಸುಕ್ಕು, ಇನ್ನೊಂದರಲ್ಲಿ 14 ದುಂಡಿಗೆ 15 ಸುಕ್ಕು. ಅದನ್ನು ಅವರು ಮುಚ್ಚಿಡದೆ ಪ್ರಬಂಧದಲ್ಲೇ ಬರೆದಿದ್ದಾರೆ. ನಾಲ್ಕೂ ಮರಿಗೆ ಕೋಡು ಬರುವ ಸಂಭವ ಎಷ್ಟು? ಮುಕ್ಕಾಲನ್ನು ನಾಲ್ಕು ಸಲ ಗುಣಿಸಿ: 256ರಲ್ಲಿ 81. ಮೂರು ಜೋಡಿಯಲ್ಲಿ ಒಂದು ಜೋಡಿ ಹತ್ತಿರ ಹತ್ತಿರ. ಹದಿಮೂರರಲ್ಲಿ ನಾಲ್ಕು ಜೋಡಿಗೆ ಹಾಗಾದದ್ದು ಲೆಕ್ಕಕ್ಕೆ ಸರಿಯಾಗಿಯೇ ಇದೆ. ಇದನ್ನು ಬೋರ್ಡಿನ ಮೇಲೆ ಅವರಿಂದಲೇ ಗುಣಿಸಿಸಿ.

ಮೂರನೇ ತಲೆಮಾರಿಗೆ ಮಣ್ಣು ಮುಟ್ಟಬೇಡಿ. ಚೀಟಿ ಮಾತ್ರ ಸಾಕು, ಒಂದು ಪಿರಿಯಡ್‌ನಲ್ಲಿ ಎರಡು ತಲೆಮಾರು ಮುಗಿಯುತ್ತದೆ.

---

ಕೊಟ್ಟಿಗೆ ಮನೆ, ಶಿರಸಿ

ಅಕ್ಕೋರೆ, ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ತೋಟ, ಕೊಟ್ಟಿಗೆ ನೋಡಿಕೊಂಡು ಇರುವವಳು. ಆದರೆ ಕೋಡಿನ ವಿಷಯ ಬಂತಲ್ಲ, ಸುಮ್ಮನಿರಲಾಗಲಿಲ್ಲ.

ದನಗಳಲ್ಲಿ ನಿಮ್ಮ ಗುಮ್ಮನ ಲೆಕ್ಕ ತಿರುಗಾಮುರುಗಾ! ನಮ್ಮ ಪಶುವೈದ್ಯರು ಹೇಳಿದ್ದು: ಹುಟ್ಟಾ ಕೋಡಿಲ್ಲದಿರುವುದೇ ಪ್ರಬಲ, ಕೋಡಿರುವುದು ದುರ್ಬಲ. ಮೊದಲ ಸಲ ಕೇಳಿದಾಗ ನಾನು ನಂಬಲಿಲ್ಲ. ನಮ್ಮ ಕೊಟ್ಟಿಗೆಯಲ್ಲಿ, ಪಕ್ಕದ ಮನೆಯಲ್ಲಿ, ಬೆಟ್ಟಕ್ಕೆ ಮೇಯಲು ಹೋಗುವ ಮಲೆನಾಡು ಗಿಡ್ಡಗಳಲ್ಲಿ ಎಲ್ಲಿ ನೋಡಿದರೂ ಕೋಡೇ. ಇಷ್ಟೊಂದು ತುಂಬಿಕೊಂಡಿರುವುದು ದುರ್ಬಲ ಹೇಗಾದೀತು ಎಂದು ವಾದ ಮಾಡಿದೆ. ಆಗ ಅವರು, ‘ಅಮ್ಮಾ, ಕೋಡಿಲ್ಲದ ಗುಣ ಈ ದನಗಳ ಸಂತಾನಕ್ಕೆ ಬಂದೇ ಇಲ್ಲ. ಪ್ರಬಲ ಅಂದರೆ ಜೊತೆಗೆ ಕೂತಾಗ ಯಾವುದು ಕಾಣಿಸುತ್ತದೆ ಅಂತ ಅಷ್ಟೇ. ಯಾವುದು ಜಾಸ್ತಿ ಇದೆ ಅಂತ ಅಲ್ಲ’ ಎಂದರು. ನಿಮ್ಮ ಹುಡುಗಿಗೆ ಈ ಒಂದು ಮಾತು ಸಾಕಾಗಬಹುದು. ಹೊರಗೆ ಕಟ್ಟಿದ ದನದ ತಲೆ ತೋರಿಸಿ, ನೋಡು ‘ದುರ್ಬಲ’ ಗುಣ ಹುಲ್ಲು ತಿನ್ನುತ್ತಾ ನಿಂತಿದೆ ಅನ್ನಿ.

ಇನ್ನೊಂದು ಕಂಡದ್ದು. ನಮ್ಮ ಜರ್ಸಿ ಮಿಶ್ರತಳಿ ಹಸುವಿಗೆ ಕರುವಿದ್ದಾಗಲೇ ಕೋಡಿನ ಮೊಗ್ಗು ಸುಡಿಸಿದ್ದೆವು. ತಲೆ ಬೋಳು. ಅದು ಕರು ಹಾಕಿದಾಗ ನಮ್ಮ ಅತ್ತೆಯವರು ‘ತಾಯಿಗಿಲ್ಲ, ಇದಕ್ಕೂ ಬರೋದಿಲ್ಲ’ ಎಂದರು. ಕೆಲವೇ ವಾರದಲ್ಲಿ ಕರುವಿನ ನೆತ್ತಿ ಸವರಿದರೆ ಕೂದಲಿನ ಕೆಳಗೆ ಎರಡು ಗಟ್ಟಿ ಗುಂಡಿ, ಬೆರಳಿಗೆ ಹಲಸಿನ ಬೇಳೆ ತುದಿ ಸಿಕ್ಕ ಹಾಗೆ. ಸುಟ್ಟದ್ದು ತಲೆಯ ಮೇಲಿನ ಕೋಡು, ನಿಮ್ಮ ಚೀಟಿ ಸುಟ್ಟಿಲ್ಲವಲ್ಲ. ಮಣ್ಣಿನ ಗುಮ್ಮನ ಕೋಡು ಉದುರಿದೆ ಅಂದಿರಿ. ಅದನ್ನು ಅಂಟಿಸಬೇಡಿ. ಕೋಡು ಉದುರಿದ ಗುಮ್ಮನಿಗೆ ಎಂಥ ಮರಿ ಹುಟ್ಟುತ್ತದೆ ಎಂದು ಮಕ್ಕಳನ್ನು ಕೇಳಿ.

---

ಗಣಪತಿ ಮಾಡುವವ, ಅಂಕೋಲಾ

ಮಣ್ಣಿಗೆ ಹತ್ತಿ ಬಿಡಿಸಿ ಹಾಕಿ ಚೆನ್ನಾಗಿ ಮಿದಿಯಿರಿ. ಬಿಸಿಲಿಗೆ ಇಡಬೇಡಿ, ನೆರಳಲ್ಲಿ ನಿಧಾನ ಒಣಗಲಿ. ಹಿಡಿಕಡ್ಡಿಯನ್ನು ಮಣ್ಣು ಹಸಿ ಇದ್ದಾಗಲೇ ಆಳಕ್ಕೆ ಚುಚ್ಚಿ, ಒಣಗಿದ ಮೇಲೆ ಅಲ್ಲ. ಗಜನಿ ಮಣ್ಣಲ್ಲಿ ಉಪ್ಪಿನಂಶ ಇರ್ತದೆ, ಸಾಧ್ಯವಾದ್ರೆ ಕೆರೆ ಮಣ್ಣು ತನ್ನಿ.

---

ಜೀವಶಾಸ್ತ್ರ ಉಪನ್ಯಾಸಕಿ, ಹೊನ್ನಾವರ

ಮಾಸ್ತರು ಲೆಕ್ಕ ಹೇಳಿದರು, ಶಿರಸಿಯ ಅಕ್ಕ ಕಣ್ಣಿಗೆ ಕಾಣುವ ಹಾಗೆ ಮಾಡಿದರು. ನನಗೆ ಹೇಳಬೇಕಾದದ್ದು ‘ದುರ್ಬಲ’ ಎಂಬ ಶಬ್ದದ ಬಗ್ಗೆ. ಪಿಯುಸಿಗೆ ಬರುವ ಮಕ್ಕಳಲ್ಲಿ ಪ್ರತಿ ವರ್ಷ ಇದೇ ಗೊಂದಲ, ಮತ್ತು ಅದರ ಮೂಲ ಈ ಶಬ್ದದಲ್ಲೇ ಇದೆ. ಮೆಂಡಲ್ 1866ರ ಪ್ರಬಂಧದಲ್ಲಿ ಜರ್ಮನ್‌ನಲ್ಲಿ ಬಳಸಿದ ಪದ ‘ರೆಸೆಸಿವ್’. ಹಿಂದೆ ಸರಿದು ನಿಂತದ್ದು ಎಂದು ಅದರ ಅರ್ಥ. ಮಿಶ್ರತಳಿಯಲ್ಲಿ ಮರೆಯಾಗಿ, ಅದರ ಮಕ್ಕಳಲ್ಲಿ ಏನೂ ಬದಲಾಗದೆ ಮತ್ತೆ ಕಾಣಿಸಿಕೊಳ್ಳುವುದರಿಂದ ಈ ಹೆಸರು ಎಂದು ಅವರೇ ವಿವರಿಸಿದ್ದಾರೆ. ಅದರಲ್ಲಿ ಬಲದ ಮಾತೂ ಇಲ್ಲ, ಸೋಲಿನ ಮಾತೂ ಇಲ್ಲ. ಕನ್ನಡಕ್ಕೆ ಬರುವಾಗ ನಾವು ಅದನ್ನು ಬಡಕಲು ಮಾಡಿಬಿಟ್ಟೆವು. ಪರೀಕ್ಷೆಗೆ ‘ದುರ್ಬಲ’ ಎಂದೇ ಬರೆಯಲಿ, ಅಂಕ ಹೋಗುವುದು ಬೇಡ. ಕ್ಲಾಸಿನಲ್ಲಿ ನಾನು ‘ಅಡಗುವ ಗುಣ’ ಎನ್ನುತ್ತೇನೆ.

ಒಳಗೆ ಏನು ನಡೆಯುತ್ತದೆ ಎಂದು ತಿಳಿದರೆ ಕುಸ್ತಿಯ ಚಿತ್ರ ಪೂರ್ತಿ ಬಿಟ್ಟುಹೋಗುತ್ತದೆ. ಮೆಂಡಲರ ಸುಕ್ಕು ಬಟಾಣಿಯನ್ನೇ ತೆಗೆದುಕೊಳ್ಳಿ. ಪಿಷ್ಟದ ಸರಪಳಿಗೆ ಕವಲು ಹಾಕುವ ಒಂದು ಕಿಣ್ವ, ಅಂದರೆ ಆ ಕೆಲಸ ನಡೆಸುವ ಪ್ರೋಟೀನು, ಇದೆ. ಸುಕ್ಕಿನ ವಂಶವಾಹಿಯ ನಡುವೆ ಹೊರಗಿನ ಒಂದು ಡಿಎನ್‌ಎ ತುಂಡು ಬಂದು ಕೂತು ಆ ಕಿಣ್ವ ಸರಿಯಾಗಿ ತಯಾರಾಗುವುದಿಲ್ಲ ಎಂಬುದು 1990ರಲ್ಲಿ ಗೊತ್ತಾಯಿತು. ಪಿಷ್ಟ ಕಡಿಮೆಯಾಗಿ ಸಕ್ಕರೆ ಉಳಿಯುತ್ತದೆ, ಸಕ್ಕರೆ ನೀರು ಎಳೆದುಕೊಳ್ಳುತ್ತದೆ, ಬೀಜ ಉಬ್ಬುತ್ತದೆ, ಒಣಗುವಾಗ ಸಿಪ್ಪೆ ಸುಕ್ಕುಗಟ್ಟುತ್ತದೆ. ಸರಿಯಾದ ಪ್ರತಿ ಒಂದಿದ್ದರೂ ಬೀಜ ದುಂಡಗಿರಲು ಸಾಕಾಗುವಷ್ಟು ಕಿಣ್ವ ಸಿಗುತ್ತದೆ. ಮನೆಯಲ್ಲಿ ಇಬ್ಬರಲ್ಲಿ ಒಬ್ಬರಿಗೆ ಅಡುಗೆ ಬಂದರೂ ಊಟ ಆಗುತ್ತದಲ್ಲ. ಅಡುಗೆ ಬಾರದವರನ್ನು ಇನ್ನೊಬ್ಬರು ಸೋಲಿಸಿದರು ಎನ್ನುವುದಿಲ್ಲ.

ಇನ್ನು ಆಟ. ಮಾಸ್ತರ ಮಡಕೆಯ ಲೆಕ್ಕ ಅಲುಗದೆ ನಿಲ್ಲಬೇಕಾದರೆ ಸಂಖ್ಯೆ ದೊಡ್ಡದಿರಬೇಕು, ಜೋಡಿ ಯದ್ವಾತದ್ವಾ ಆಗಬೇಕು, ಯಾವ ಗುಮ್ಮನೂ ಕೋಡಿನ ಕಾರಣಕ್ಕೆ ಸಾಯಬಾರದು, ಹೊರಗಿನಿಂದ ಗುಮ್ಮ ಬರಬಾರದು, ಚೀಟಿಯ ಅಕ್ಷರ ಬದಲಾಗಬಾರದು. ನಿಮ್ಮಲ್ಲಿರುವುದು 52 ಗುಮ್ಮ, ಆದ್ದರಿಂದ ಎಣಿಕೆ ಒಂದಿಷ್ಟು ಆಚೀಚೆ ಹೋಗುತ್ತದೆ. ಗಾಬರಿಯಾಗಬೇಡಿ, ಅದೂ ಪಾಠವೇ. ಅದಾದ ಮೇಲಿನ ವಾರ ಗರುಡನನ್ನು ತನ್ನಿ. ಕೋಡಿಲ್ಲದ ಗುಮ್ಮ ಕಂಡರೆ ಎತ್ತಿಕೊಂಡು ಹೋಗುವ ಗರುಡ, ಒಂದನ್ನೂ ಬಿಡುವುದಿಲ್ಲ. ಆಗಲಾದರೂ ಬೋಳು ಅಳಿಯುತ್ತದೆಯೇ? ಸಮಸಮದಿಂದ ಹೊರಟರೆ ‘ಕೊ’ ಚೀಟಿಯ ಪಾಲು ಎರಡರಲ್ಲೊಂದು, ಮುಂದೆ ಮೂರರಲ್ಲೊಂದು, ನಾಲ್ಕರಲ್ಲೊಂದು, ಐದರಲ್ಲೊಂದು, ಹೀಗೆ ಇಳಿಯುತ್ತದೆ. ಹತ್ತು ಸಲ ಗರುಡ ಬಂದು ಹೋದರೂ ಹನ್ನೆರಡರಲ್ಲೊಂದು ಚೀಟಿ ಉಳಿದಿರುತ್ತದೆ. ಬೋಳು ಮರಿ ಹುಟ್ಟುವುದು 144ಕ್ಕೊಂದು, ಆದರೆ ಹುಟ್ಟುತ್ತದೆ. ಗರುಡನಿಗೆ ಕಾಣುವುದು ತಲೆ, ಕೋಕೊದ ಒಳಗಿರುವ ಚೀಟಿ ಅದಕ್ಕೆ ಕಾಣುವುದಿಲ್ಲ.

ನಾಲಗೆಯ ವಿಷಯ ಓದಿ ಮನಸ್ಸು ಭಾರವಾಯಿತು. ಅದನ್ನು 1940ರಲ್ಲಿ ಮೊದಲು ಬರೆದ ಸ್ಟರ್ಟೆವಂಟ್ ಅವರೇ ಆಮೇಲೆ ಅದು ಸರಿಯಲ್ಲ ಎಂದು ಒಪ್ಪಿಕೊಂಡಿದ್ದಾರೆ. ಕಿವಿಯ ಹಾಲೆಯೂ ಸರಳ ಗುಣವಲ್ಲ. ಆದರೂ ಈ ಎರಡೂ ಇನ್ನೂ ಎಷ್ಟೋ ಕ್ಲಾಸುಗಳಲ್ಲಿ ನಡೆಯುತ್ತಲೇ ಇವೆ. ನೀವು ಇಲ್ಲಿ ಬರೆದದ್ದು ಬಹಳ ಒಳ್ಳೆಯದಾಯಿತು.

---

ಗಜನಿ ಅಕ್ಕೋರು, ಕುಮಟಾ ತಾಲೂಕು

ಎಲ್ಲರಿಗೂ ಕೈಮುಗಿದು ಹೇಳುತ್ತೇನೆ, ಶನಿವಾರ ಮಾಡಿಬಿಟ್ಟೆವು.

ಮಡಕೆಯ ಬದಲು ಬಿಸಿಯೂಟದ ಪಾತ್ರೆ. ಆದರೆ ಚೀಟಿ ಸುರಿಯುವ ಮೊದಲು ಆ ಹುಡುಗಿಯನ್ನೇ ಕರೆದು ಎರಡನೇ ತಲೆಮಾರಿನ 52 ಗುಮ್ಮಗಳ ಚೀಟಿ ಎಣಿಸಲು ಹೇಳಿದೆ. 14 ಕೋಕೋ, 24 ಕೋಕೊ, 14 ಕೊಕೊ. ‘ಕೋ’ 52, ‘ಕೊ’ 52. ಅವಳು ಎರಡು ಸಲ ಎಣಿಸಿದಳು. ‘ಅಕ್ಕೋರೆ, ತಲೆ ಎಣಿಸಿದ್ರೆ 38 ಇತ್ತಲ್ಲ’ ಎಂದಳು, ನಾನು ಏನೂ ಹೇಳಲಿಲ್ಲ. ಚೀಟಿಯ ರಾಶಿಯನ್ನೇ ನೋಡುತ್ತಾ ನಿಂತಿದ್ದವಳು ಸ್ವಲ್ಪ ಹೊತ್ತಿನ ಮೇಲೆ ಕೋಕೊ ಚೀಟಿಗಳನ್ನು ಮಾತ್ರ ಬೇರೆ ತೆಗೆದು ಸಾಲಾಗಿ ಇಟ್ಟಳು. ‘ಇಲ್ಲಿ ಕೂತಿದೆ’ ಎಂದಳು.

ಮೂರನೇ ತಲೆಮಾರು: 14 ಕೋಕೋ, 27 ಕೋಕೊ, 11 ಬೋಳು. ‘ಕೊ’ ಚೀಟಿ 49ಕ್ಕೆ ಇಳಿಯಿತು. ‘ನೋಡಿ, ಕಡಿಮೆ ಆಗ್ತಾ ಇದೆ!’ ಎಂದು ಹುಡುಗರು ಕುಣಿದರು. ನಾಲ್ಕನೆಯದು: 14, 26, 12. ‘ಕೊ’ 50. ಕುಣಿತ ನಿಂತಿತು. ಉಪನ್ಯಾಸಕಿಯವರು ಹೇಳಿದ ಹಾಗೆ ಆಚೀಚೆ ಹೋಗುತ್ತದೆ, ಒಂದೇ ದಿಕ್ಕಿಗೆ ಓಡುವುದಿಲ್ಲ ಎಂದು ಬೋರ್ಡಿನ ಮೇಲೆ ಬರೆದಿಟ್ಟೆ. ಮುನಿಸಿಕೊಂಡ ಗುಂಪಿನವರಿಗೆ 256ರಲ್ಲಿ 81 ಗುಣಿಸಲು ಕೊಟ್ಟೆ, ಮೆಂಡಲರ 14ಕ್ಕೆ 15ರ ಗಿಡದ ಕಥೆ ಹೇಳಿದೆ. ‘ಅವರಿಗೂ ಹಾಗೇ ಆಗಿತ್ತಾ’ ಎಂದು ಒಬ್ಬ ಮೆಲ್ಲಗೆ ಕೇಳಿ ಕೂತ.

ಶಿರಸಿಯ ಅಕ್ಕನ ಪ್ರಶ್ನೆಯನ್ನೂ ಕೇಳಿದೆ. ಕೋಡು ಉದುರಿದ ಗುಮ್ಮನಿಗೆ ಬೋಳು ಮರಿ ಎಂದು ಒಂಬತ್ತು ಮಂದಿ ಕೈ ಎತ್ತಿದರು. ಅದು ಇನ್ನೂ ಇತ್ಯರ್ಥವಾಗಿಲ್ಲ, ಸೋಮವಾರಕ್ಕೆ ಇಟ್ಟಿದ್ದೇನೆ. ಶಾಲೆಯ ಹತ್ತಿರದ ಮನೆಯಲ್ಲಿ ಕೋಡು ಸುಡಿಸಿದ ಹಸು ಒಂದಿದೆ, ಕರುವೂ ಇದೆ. ನೆತ್ತಿ ಮುಟ್ಟಿ ನೋಡಲು ಆ ಮನೆಯವರನ್ನು ಕೇಳಿಯಾಗಿದೆ.

ಕೆರೆ ಮಣ್ಣಿಗೆ ಹತ್ತಿ ಹಾಕಿ ಮಿದ್ದ ಹೊಸ ಗುಮ್ಮ ಹನ್ನೆರಡು, ಕಿಟಕಿಯ ಕೆಳಗಿನ ನೆರಳಲ್ಲಿ ಒಣಗುತ್ತಿವೆ. ಈವರೆಗೆ ಒಂದರ ಕೋಡೂ ಅಲುಗಿಲ್ಲ. ಗರುಡ ಯಾರಾಗಬೇಕೆಂದು ಕ್ಲಾಸಿನಲ್ಲಿ ಜಗಳ ನಡೆದಿದೆ, ಆ ಹುಡುಗಿ ಮಾತ್ರ ತನಗೆ ಬೇಡ, ಚೀಟಿ ಎಣಿಸುವ ಕೆಲಸವೇ ಬೇಕು ಎಂದಿದ್ದಾಳೆ.